ಬೆಂಕಿಪುರದಿಂದ, ಹೊಸೂರಿಗೆ ಹೊರಡುವ ಮುನ್ನ

ಪ್ರೀತಿಯ ಗೆಳೆಯ,

ಹೋದ ವಾರ ಫೋನಿನಲ್ಲಿ ನೀನು ನಗುತ್ತಲೇ ಕೇಳಿದೆ, "ಆ ತುಕ್ಕು ಹಿಡಿದ ಊರಿನಲ್ಲಿ ಕುಳಿತು ಇನ್ನೂ ಏನು ಓದುತ್ತಿದ್ದೀಯೋ?" ಎಂದು. ಉತ್ತರವನ್ನು ಆಗಲೇ ಕೊಡಬಹುದಿತ್ತು. ಆದರೆ ಸಿಟ್ಟು ಬಂದಿತ್ತು, ಸಿಟ್ಟಿನಲ್ಲಿ ನಾನು ಎಷ್ಟು ಕೆಟ್ಟದಾಗಿ ಮಾತನಾಡುತ್ತೇನೆ ಎಂಬುದು ನಿನಗೆ ಗೊತ್ತೇ ಇದೆ. ಅದಕ್ಕೇ ಈ ಪತ್ರ.

ನಮ್ಮ ಭದ್ರಾವತಿಗೆ ತುಕ್ಕು ಹಿಡಿದಿರುವುದು ಸುಳ್ಳಲ್ಲ. ಮೊನ್ನೆ ಕಾಗದನಗರದ ಕಡೆ ಸೈಕಲ್ ಹೊಡೆದೆ. ನಾವು ಕ್ರಿಕೆಟ್ ಆಡುತ್ತಿದ್ದ ಕಡೆಯ ಕ್ವಾರ್ಟರ್ಸಿನ ಸಾಲು ಖಾಲಿ, ಬಾಗಿಲು ಕಿಟಕಿಗಳಿದ್ದ ಜಾಗದಲ್ಲಿ ಬರೀ ಕಂಡಿಗಳು. 1936ರಲ್ಲಿ ಹುಟ್ಟಿದ ಕಾಗದ ಕಾರ್ಖಾನೆ, ನಾವಿಬ್ಬರೂ ಪ್ರೈಮರಿ ಶಾಲೆಯಲ್ಲಿದ್ದಾಗಲೇ ಸದ್ದು ನಿಲ್ಲಿಸಿತು. ಗಾಳಿ ತಿರುಗಿದಾಗ ತರಗತಿಯೊಳಗೇ ನುಗ್ಗುತ್ತಿದ್ದ ಆ ತಿರುಳಿನ ನಾತ ನೆನಪಿದೆಯೇ? ಈ ಊರು ಕಳೆದುಕೊಂಡದ್ದರಲ್ಲಿ ನನಗೆ ಬೇಸರವಿಲ್ಲದ್ದು ಅದೊಂದೇ.

ಉಕ್ಕಿನ ಕಾರ್ಖಾನೆಯದು ಬೇರೆ ಕಥೆ; ಅದು ಸಾಯುವುದೂ ಇಲ್ಲ, ಎದ್ದು ಕೂರುವುದೂ ಇಲ್ಲ. ಕೊಳ್ಳುವವರನ್ನು ಹುಡುಕಿದರು, ಆ ಪ್ರಯತ್ನವನ್ನು ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚುತ್ತೇವೆ ಎಂದರು, ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು, ಅದೇ ವರ್ಷದ ಆಗಸ್ಟ್‌ನಲ್ಲಿ ಉಕ್ಕಿನ ಸರಳು ಮಾಡುವ ಬಾರ್ ಮಿಲ್ ಮತ್ತೆ ತಿರುಗಿತು. ಇಂಥ ಊರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುವುದೆಂದರೆ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಪರೀಕ್ಷೆಗೆ ಓದಿದ ಹಾಗೆ. ಒಳಗಿನಿಂದ ಯಾರು ಹೊರಗೆ ಬಂದರೂ ಮೊದಲು ಅವರ ಮುಖ ನೋಡುತ್ತೇವೆ.

ಈ ಕಾರ್ಖಾನೆ ಇಲ್ಲಿಗೇ ಏಕೆ ಬಂತು ಎಂದು ನಮಗೆ ಯಾರೂ ಪಾಠ ಮಾಡಲಿಲ್ಲ, ಗಮನಿಸಿದ್ದೀಯಾ? ಗೇಟಿನ ಮೇಲೆ ವಿಶ್ವೇಶ್ವರಯ್ಯನವರ ಹೆಸರು ಓದಿಕೊಂಡೇ ಬೆಳೆದೆವು, ಅಷ್ಟೆ. ಕಾರಣ ಸರಳ. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಮಲೆನಾಡಿನಲ್ಲಿ ಮರವಿತ್ತು, ಪಕ್ಕದಲ್ಲೇ ಭದ್ರೆ ಇದ್ದಳು. ಮೈಸೂರು ಸಂಸ್ಥಾನಕ್ಕೆ ಕಲ್ಲಿದ್ದಲಿನ ಭಾಗ್ಯವಿರಲಿಲ್ಲ, ಆದ್ದರಿಂದ ಕಾಡು ಕಡಿದು, ಇದ್ದಿಲು ಸುಟ್ಟು ಕಬ್ಬಿಣ ಕರಗಿಸಿದರು. 1923ರಲ್ಲಿ ಉತ್ಪಾದನೆ ಶುರುವಾಯಿತು. ಈಗ ಕೆಮ್ಮಣ್ಣುಗುಂಡಿ ಪ್ರವಾಸಿಗರ ತಾಣ. ಮರ ಕಡಿಯುವ ಮಾತನ್ನು ಯಾರೂ ಎತ್ತುವ ಹಾಗಿಲ್ಲ, ಎತ್ತಲೂಬಾರದು. ಮೂರರಲ್ಲಿ ಉಳಿದಿರುವುದು ಹೊಳೆ ಮಾತ್ರ. ಸ್ವಂತ ಗಣಿಯಿಲ್ಲದ ಕಾರ್ಖಾನೆ ದೊಡ್ಡ ಉಕ್ಕಿನ ಸ್ಥಾವರಗಳ ಎದುರು ಹೇಗೆ ನಿಲ್ಲಬೇಕು ಹೇಳು. ಸೋಮಾರಿತನ, ಯೂನಿಯನ್ನು, ರಾಜಕೀಯ ಎಂದು ಬಸ್ಸಿನಲ್ಲಿ ಜನ ಆಡಿಕೊಳ್ಳುವುದನ್ನು ಕೇಳಿದಾಗ ಈ ಲೆಕ್ಕವನ್ನು ಹೇಳಬೇಕೆನಿಸುತ್ತದೆ. ಹೇಳುವುದಿಲ್ಲ, ಇಳಿಯುವ ಸ್ಟಾಪ್ ಬಂದುಬಿಡುತ್ತದೆ.

ತರಗತಿಯ ಸುದ್ದಿ ಕೇಳಿದ್ದೆಯಲ್ಲ. ಹಿಂದಿನ ಬೆಂಚಿನವರೆಲ್ಲ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತ ಬೆಳಗಿನ ಜಾವ ಮೈದಾನದಲ್ಲಿ ಓಡುತ್ತಾರೆ. ಮುಂದಿನ ಬೆಂಚಿನವರ ಬಾಯಲ್ಲಿ ಪೀಣ್ಯ, ಹೊಸೂರು, ನರಸಾಪುರದ ಕಾರ್ಖಾನೆಗಳು. ನಮ್ಮ ಅಪ್ಪಂದಿರ ಕಾಲದಲ್ಲಿ ಬುತ್ತಿ ಕಟ್ಟಿಕೊಂಡು ಸೈಕಲ್ಲಿನಲ್ಲಿ ಅಪ್ರೆಂಟಿಸ್ ತರಬೇತಿಗೆ ಹೋಗಿ, ಊಟದ ಹೊತ್ತಿಗೆ ಬೇಕೆಂದರೆ ಮನೆಗೂ ಬರುತ್ತಿದ್ದರಂತೆ. ನಾವು ಕೆಲಸ ಕಲಿಯಬೇಕಾದರೆ ಮೊದಲು ರೈಲು ಹತ್ತಬೇಕು.

ಆದರೂ ಇಲ್ಲಿ ಏನು ಓದುತ್ತಿದ್ದೇನೆ ಎಂದು ಕೇಳಿದೆಯಲ್ಲ, ಅದಕ್ಕೆ ಬರುತ್ತೇನೆ. ನಾನು ಬಾಡಿಗೆಗಿರುವ ಕೋಣೆಯ ಯಜಮಾನರು ಉಕ್ಕಿನ ಕೆಲಸದಿಂದ ನಿವೃತ್ತರಾದವರು. ಮನೆಯ ಮುಂದೆ ತಗಡಿನ ಚಪ್ಪರ ಹಾಕಿ ಗೇಟು, ಗ್ರಿಲ್ ಮಾಡಿಕೊಡುತ್ತಾರೆ. ಒಂದು ಸಂಜೆ ನಾನು ಪುಸ್ತಕ ಹಿಡಿದು ಇಂಗಾಲದ ಪ್ರಮಾಣ, ಉಕ್ಕಿನ ವರ್ಗ ಎಂದು ಗಟ್ಟಿಯಾಗಿ ಉರು ಹೊಡೆಯುತ್ತಿದ್ದೆ. ಕೆಳಗಿನಿಂದ ಕರೆದರು. ಗ್ರೈಂಡಿಂಗ್ ಚಕ್ರಕ್ಕೆ ಒಂದು ಸಾಧಾರಣ ಕಬ್ಬಿಣದ ಸಲಾಕೆ ಒತ್ತಿದರು: ಉದ್ದನೆಯ, ನೇರವಾದ ಹುಲ್ಲಿನ ಎಸಳಿನಂಥ ಕಿಡಿಗಳು. ಆಮೇಲೆ ಲೋಹ ಉಜ್ಜುವ ಒಂದು ಹಳೆಯ ಅರ ಒತ್ತಿದರು. ಕಿಡಿ ಚಕ್ರ ಬಿಟ್ಟ ಕೂಡಲೇ ಒಡೆದು ಒಡೆದು, ದೀಪಾವಳಿಯ ಸುರುಸುರು ಬತ್ತಿಯ ಹಾಗೆ ಹೂವಾಯಿತು. "ಇಂಗಾಲ ಹೆಚ್ಚಾದಷ್ಟೂ ಹೂವು ಹೆಚ್ಚು" ಎಂದರು, ಅಷ್ಟೇ. ಸ್ಟೇನ್‌ಲೆಸ್ ಚಮಚವೊಂದನ್ನು ಒತ್ತಿದಾಗ ಕಿಡಿ ಕುಳ್ಳಗೆ, ಕೆಂಪಗೆ, ಹೂವೇ ಇಲ್ಲ. (ಚಮಚ ಹಾಳಾದದ್ದಕ್ಕೆ ಒಳಗಿನಿಂದ ಅಮ್ಮನವರು ಕೂಗಾಡಿದರು.)

ಅಂದಿನಿಂದ ವಾರಕ್ಕೆ ಮೂರು ಸಂಜೆ ಆ ಚಪ್ಪರದಲ್ಲೇ ಇರುತ್ತೇನೆ. ಅವರು ಬೆನ್ನ ಹಿಂದೆ ತುಂಡು ಬಚ್ಚಿಟ್ಟುಕೊಂಡು ಬಂದು ಚಕ್ರಕ್ಕೆ ಒತ್ತುತ್ತಾರೆ, ನಾನು ಹೆಸರು ಹೇಳಬೇಕು. ಲಾರಿಯ ಸ್ಪ್ರಿಂಗ್ ಪಟ್ಟಿ, ಬೇರಿಂಗ್, ಎರಕದ ಕಬ್ಬಿಣ. ಹತ್ತಕ್ಕೆ ಏಳು ಈಗ ಸರಿಯಾಗುತ್ತಿವೆ. ಪಕ್ಕದ ಬೀದಿಯ ಇಬ್ಬರು ಹುಡುಗರೂ, ಒಬ್ಬಳು ಹುಡುಗಿಯೂ ಬಂದು ನಿಲ್ಲುತ್ತಾರೆ. ಆ ಹುಡುಗಿ ನನಗಿಂತ ಚುರುಕು, ಕಿಡಿ ಆರುವ ಮೊದಲೇ ಹೇಳಿಬಿಡುತ್ತಾಳೆ. ನಮ್ಮ ಊರಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು ಎಂದು ಅವಳಿಗೆ ಹೇಳಿದೆ. ಅದಕ್ಕೇನೀಗ ಎನ್ನುವ ಹಾಗೆ ನೋಡಿದಳು.

ಇಂಥವರು ಈ ಊರಿನ ಬೀದಿ ಬೀದಿಯಲ್ಲಿದ್ದಾರೆ ಕಣೋ. ಕುಲುಮೆಯ ಬಣ್ಣ ನೋಡಿ ಬಿಸಿ ಎಷ್ಟೆಂದು ಹೇಳುವವರು, ಲೇತ್ ಯಂತ್ರದ ಸದ್ದಿನಲ್ಲೇ ಉಳಿ ಮೊಂಡಾಗಿದೆ ಎನ್ನುವವರು. ಅವರನ್ನು ಕೇಳಲು ನಮ್ಮ ಸಿಲಬಸ್‌ನಲ್ಲಿ ಒಂದು ಗಂಟೆಯೂ ಇಲ್ಲ, ಎಲ್ಲರಿಗೂ ಎಪ್ಪತ್ತು ದಾಟಿದೆ. ಸಿಟ್ಟು ಬಂದದ್ದು ಅದಕ್ಕೇ, ನಿನ್ನ ಮೇಲಲ್ಲ.

ಇನ್ನೊಂದು ವಿಷಯ. ಮುಂದಿನ ತಿಂಗಳು ಹೊಸೂರಿನಲ್ಲಿ ನನಗೆ ಸಂದರ್ಶನವಿದೆ. ಹೌದು, ಇಷ್ಟೆಲ್ಲ ಬರೆದವನೂ ಅರ್ಜಿ ಹಾಕಿದ್ದೇನೆ, ನಗಬೇಕಾದರೆ ನಗು. ಹಿಂದಿನ ರಾತ್ರಿ ನಿನ್ನ ಕೋಣೆಯಲ್ಲಿ ಉಳಿಯುತ್ತೇನೆ, ಚಾಪೆಯೊಂದಿದ್ದರೆ ಸಾಕು. ಮೊದಲ ಸೆಮಿಸ್ಟರ್‌ನಲ್ಲಿ ನಿನ್ನಿಂದ ಪಡೆದ ವರ್ನಿಯರ್ ಕ್ಯಾಲಿಪರನ್ನೂ ತರುತ್ತೇನೆ. ಅದರ ದವಡೆಗೆ ಸ್ವಲ್ಪ ತುಕ್ಕು ಹಿಡಿದಿತ್ತು, ಯಜಮಾನರು ಎಣ್ಣೆ ಹಚ್ಚಿ ಉಜ್ಜಿಕೊಟ್ಟಿದ್ದಾರೆ. ಅಳತೆ ಸರಿಯಾಗಿಯೇ ಇದೆ, ನೋಡಿದೆ.

ನಿನ್ನ ಗೆಳೆಯ