ಸೀನನಿಗೆ, ಕೋಲಾರದಿಂದ

ಪ್ರೀತಿಯ ಸೀನ,

ಮನಶ್ಶಾಸ್ತ್ರಜ್ಞರ ಬಳಿ ಹೋಗುತ್ತಿದ್ದೇನೆಂದಾಗ ನೀನು "ಅಲ್ಲಿ ಏನು ಮಾಡುತ್ತಾರೆ?" ಎಂದು ಕೇಳಿದ್ದೆ. ನಮ್ಮ ಕಡೆಯ ಇನ್ನೂ ಕೆಲವರು ಅದನ್ನೇ ಕೇಳಿದ್ದರಿಂದ ಎಲ್ಲರೂ ಓದುವಂತೆ ಉತ್ತರಿಸುತ್ತಿದ್ದೇನೆ.

ಮೊದಲ ದಿನ ಅವರು ನನ್ನ ಕಥೆಯನ್ನೇ ಕೇಳಲಿಲ್ಲ. ಬಾಗಿಲು ಮುಚ್ಚಲೇ, ತೆರೆದಿರಲೇ ಎಂದು ಕೇಳಿದರು. ಹೇಳಿದ್ದೆಲ್ಲ ಗುಟ್ಟಾಗಿರುತ್ತದೆ, ಯಾರದಾದರೂ ಪ್ರಾಣಕ್ಕೆ ಅಪಾಯವಿದ್ದರೆ ಮಾತ್ರ ಹೊರಗೆ ತಿಳಿಸಬೇಕಾಗುತ್ತದೆ, ಬೇಡವೆನಿಸಿದ ಕ್ಷಣ ನಿಲ್ಲಿಸಬಹುದು ಎಂದು ವಿವರಿಸಿದರು. ಆಘಾತಕ್ಕೆ ಒಳಗಾದವರಿಗೆ ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ದುಃಖ, ಕೊನೆಗೆ ಮತ್ತೆ ಜನರೊಡನೆ ಬೆರೆಯುವುದು ಎಂಬ ಕ್ರಮವನ್ನು ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲೇ ಬರೆದಿದ್ದಾರೆ. ಅಪ್ಪನ ಹೊಡೆತದ ಮಾತು ಬಂದಾಗ ನೀನು "ಅದೆಲ್ಲ ಎಲ್ಲರ ಮನೆಯಲ್ಲೂ ಇದ್ದದ್ದೇ" ಎಂದಿದ್ದೆಯಲ್ಲ, ವರ್ಷಗಟ್ಟಲೆ ಮನೆಯೊಳಗೆ ನಡೆಯುವ ಹಿಂಸೆಯ ಪರಿಣಾಮಕ್ಕೆ 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವೇ ಇದೆ.

ನನಗೆ ಧೈರ್ಯ ಬಂದದ್ದು ಬೇರೆ ಕಾರಣಕ್ಕೆ. ಮನೆಯ ತೆಲುಗು, ಶಾಲೆಯ ಕನ್ನಡ, ಬೀದಿಯ ತಮಿಳು, ಯಾವುದರಲ್ಲಿ ಮಾತು ಬಂದರೂ ಅವರು ತಡೆಯಲಿಲ್ಲ. ಅಪ್ಪನನ್ನು ಮರೆತುಬಿಡಿ ಎನ್ನಲಿಲ್ಲ. ಅವರ ತಿಥಿ ಮಾಡುತ್ತೀರಾ, ಅಂದು ಮೈಮನಸ್ಸು ಹೇಗಿರುತ್ತದೆ ಎಂದು ವಿಚಾರಿಸಿದರು. ಪಿಂಡ ಇಡುವ ಕೈಯೇ ಹೆದರಿಕೆಯಿಂದ ನಡುಗಬಹುದೆಂದು ಅರಿತವರ ಎದುರು ಅಪ್ಪನ ವಿರುದ್ಧ ದೂರು ಹೇಳಿದಂತಾಗದೆ ಅಪ್ಪನ ಬಗ್ಗೆ ಮಾತಾಡಲು ಸಾಧ್ಯವಾಯಿತು.

ಕೆಜಿಎಫ್‌ನ ಮಕ್ಕಳಿಗೆ ನೆಲ ಅದುರುವುದು ಹೊಸದಾಗಿರಲಿಲ್ಲ. ಗಣಿಯಾಳದಲ್ಲಿ ಬಂಡೆ ಸಿಡಿದು ಮನೆಯ ಪಾತ್ರೆಗಳು ಅಲುಗಿದರೂ ನಾವು ಆಟ ನಿಲ್ಲಿಸುತ್ತಿರಲಿಲ್ಲ. ಈಗಲೂ ನನ್ನ ಎದೆ ಹೊಡೆದುಕೊಳ್ಳುವುದು ಹೊಸ್ತಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ ಕೆಲಸ ಹೋದ ಮೇಲೆ ಅಪ್ಪ ಕುಡಿದು ಬರುತ್ತಿದ್ದ ರಾತ್ರಿಗಳಲ್ಲಿ ನಾನು ಅಡುಗೆಮನೆಯ ಬಾಗಿಲ ಹಿಂದೆ ತಂಗಿಯ ಬಾಯಿಗೆ ಕೈ ಅಡ್ಡವಿಟ್ಟು ಕುಳಿತಿರುತ್ತಿದ್ದೆ. ಆಚೆ ಅಮ್ಮನಿಗೆ ಏಟು ಬೀಳುತ್ತಿತ್ತು. ನಾನು ಕುಡಿಯುವವನಲ್ಲ, ಮಗನ ಮೇಲೆ ಎಂದೂ ಕೈ ಎತ್ತಿಲ್ಲ. ಆದರೂ ನಾನು ಮನೆಯೊಳಗೆ ಕಾಲಿಟ್ಟೊಡನೆ ಅವನು ಟಿವಿಯ ಸದ್ದು ತಗ್ಗಿಸುತ್ತಾನೆ, ಸೀನ. ಅದನ್ನು ಗಮನಿಸಿದ ಮೇಲೆ ಮನಶ್ಶಾಸ್ತ್ರಜ್ಞರ ಬಳಿ ಹೋಗದಿರಲು ಆಗಲಿಲ್ಲ.

ಇಷ್ಟೆಲ್ಲ ಬರೆಯಬೇಕೆಂದು ಕೂತಿರಲಿಲ್ಲ, ಬರೆದಾಯಿತು, ಇರಲಿ. ನಿನ್ನ ಅಣ್ಣನಿಗೆ ಬೇಕೆನಿಸಿದರೆ 14416ಕ್ಕೆ ಕರೆ ಮಾಡಲಿ, ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೇರವಾಗಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನು ಕಾಣುವುದಾದರೆ ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ನೋಡಿಕೊಳ್ಳಲಿ.

ಬಂಗಾರಪೇಟೆಗೆ ಯಾವಾಗ ಬರುತ್ತೀಯೆಂದು ತಿಳಿಸು. ಬಿಳಿ ನೀರಿನ ಪಾನಿಪುರಿ ತಿನ್ನೋಣ, ಈ ಸಲದ ಲೆಕ್ಕ ನಿನ್ನದು.

ನಿನ್ನ ಗೆಳೆಯ