ಚಿಗವ್ವನ ಎರಡು ಸಾವಿರ

ಪ್ರೀತಿಯ ಗೆಳೆಯ,

ಮನೆಯ ಯಜಮಾನಿಗೆ ಸರ್ಕಾರ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿಯ ದುಡ್ಡು ಹಳ್ಳಿಯ ಜನರನ್ನು ಸೋಮಾರಿ ಮಾಡುತ್ತಿದೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಬೇಸರವಾಯಿತು. ನಿನ್ನೊಂದಿಗೆ ವಾದಕ್ಕೆ ಇಳಿಯುವುದಿಲ್ಲ. ಹಿಂದಿನ ಓಣಿಯ ಚಿಗವ್ವ ನೆನಪಿದ್ದಾಳಲ್ಲವೇ, ಶಾಲೆ ಬಿಟ್ಟು ಬರುವಾಗ ನಮ್ಮಿಬ್ಬರನ್ನೂ ಕರೆದು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಡುತ್ತಿದ್ದವಳು? ಅವಳ ಮನೆಯ ಲೆಕ್ಕವನ್ನಷ್ಟೇ ಹೇಳುತ್ತೇನೆ.

ಅವಳ ಗಂಡ, ನಮ್ಮ ಕಾಕಾನ ಪಾಲಿಗೆ ಬಂದದ್ದು ಒಂದೂವರೆ ಎಕರೆ ಮಳೆಯಾಶ್ರಿತ ಹೊಲ. ಮೂವರು ಮಕ್ಕಳು. ಗೃಹಲಕ್ಷ್ಮಿ ಶುರುವಾದದ್ದು 2023ರ ಆಗಸ್ಟ್ 30ರಂದು. ಅದು ಎಂಥ ವರ್ಷ ಎಂಬುದು ನಿನಗೂ ಗೊತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಗೋವಿನಜೋಳ ತೆನೆ ಕಟ್ಟುವ ಮೊದಲೇ ಒಣಗಿ ನಿಂತಿತ್ತು. ಹಿಂದಿನ ಬರಗಳಲ್ಲಿ ಚಿಗವ್ವ ತಿಂಗಳಿಗೆ ನೂರಕ್ಕೆ ಐದರ ಬಡ್ಡಿಗೆ ಸಾಲ ತಂದವಳು. ಆ ವರ್ಷ ಸಂತೆಯ ಖರ್ಚಿಗಾಗಿ ಯಾರ ಮನೆಯ ಕಟ್ಟೆಯನ್ನೂ ಹತ್ತಲಿಲ್ಲ. ನನ್ನ ಮಟ್ಟಿಗೆ ಈ ಯೋಜನೆಯ ದೊಡ್ಡ ಸಾಧನೆ ಇದೇ.

ಹಣ ತೆಗೆಯುವುದೂ ಸುಲಭವಲ್ಲ. ಒಮ್ಮೆ ನಾನೇ ಅವಳನ್ನು ಬೈಕಿನಲ್ಲಿ, ಬೆರಳಚ್ಚು ಪಡೆದು ಖಾತೆಯ ಹಣ ಕೊಡುವ ಬ್ಯಾಂಕ್ ಮಿತ್ರನ ಹತ್ತಿರ ಕರೆದುಕೊಂಡು ಹೋಗಿದ್ದೆ. ಮೆಣಸಿನಕಾಯಿ ಬಿಡಿಸಿ, ಕಳೆ ಕಿತ್ತು ಹೆಬ್ಬೆರಳಿನ ಗೆರೆಗಳೇ ಸವೆದಿವೆ. ಯಂತ್ರದ ಗಾಜಿನ ಮೇಲೆ ಬೆರಳಿಟ್ಟರೆ ಕೆಂಪು ದೀಪ. ಸೆರಗಿನಿಂದ ಒರೆಸಿ ಇಟ್ಟಳು, ಆಗಲಿಲ್ಲ. ಬ್ಯಾಂಕ್ ಮಿತ್ರ ಬೆರಳಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿಕೊಟ್ಟ. ಆಗಲೂ ಆಗಲಿಲ್ಲ. ಕೊನೆಗೆ ಎಡಗೈಯ ನಡುಬೆರಳಿಗೆ ಯಂತ್ರ ಒಪ್ಪಿತು. ಎಣಿಸಿದ ನೋಟುಗಳನ್ನು ಇನ್ನೊಮ್ಮೆ ಎಣಿಸಿ, ಅಲ್ಲಿಂದ ನೇರವಾಗಿ ಕಿರಾಣಿ ಅಂಗಡಿಗೆ ನಡೆದಳು. ಹಣ ಬಂದ ತಿಂಗಳು ಅವಳು ಉದ್ರಿ ಹೇಳುವುದಿಲ್ಲ, ರೊಕ್ಕ ಕೊಟ್ಟು ಎಣ್ಣೆ, ಬೇಳೆ ತರುತ್ತಾಳೆ. ಉದ್ರಿಯವರಿಗೆ ಅಂಗಡಿಯಾತ ಹೇಳಿದ್ದೇ ದರ. ರೊಕ್ಕ ಕೈಯಲ್ಲಿದ್ದರೆ ಮುಂದಿನ ಅಂಗಡಿಯಲ್ಲೂ ಕೇಳಿ ನೋಡಬಹುದು.

ಉಳಿದದ್ದರಲ್ಲಿ ಗ್ಯಾಸು, ಕಾಕಾನ ಬಿಪಿ ಗುಳಿಗೆ, ಸಂಘದ ಕಂತು. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಮೂರು ಕಂತಿನಲ್ಲಿ ಕಾಕಾನ ಖಾತೆಗೆ ಬರುತ್ತದೆ, ಗೊಬ್ಬರದ ಅಂಗಡಿಗೆ ಹೋಗುತ್ತದೆ. ಆ ದುಡ್ಡನ್ನು ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿಗವ್ವನ ದುಡ್ಡಿಗೆ ಮಾತ್ರ ಮನೆಯಲ್ಲಿ ಒಂದು ತೂಕ ಬಂದಿದೆ. ದೊಡ್ಡ ಮಗಳನ್ನು ಪಿಯುಸಿಗೆ ಕಳಿಸಬೇಕೋ ಬೇಡವೋ ಎಂಬ ಮಾತು ಬಂದಾಗ ಕಾಕಾ ಸುಮ್ಮನಿದ್ದ, ‘ಪುಸ್ತಕದ ಖರ್ಚು ನಾನು ನೋಡುತ್ತೇನೆ’ ಎಂದವಳು ಅವಳು. ಬಸ್ಸಿಗೆ ಶಕ್ತಿ ಯೋಜನೆ ಇದ್ದೇ ಇತ್ತು.

ಅಕ್ಕಿಯ ವಿಷಯ ಹೇಳಲೇಬೇಕು. 2023ರ ಜುಲೈಯಿಂದ ಪಡಿತರದ ಐದು ಕಿಲೋ ಅಕ್ಕಿಯ ಮೇಲೆ ಕೊಡಬೇಕಿದ್ದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿಯಂತೆ ಖಾತೆಗೆ ಹಾಕುತ್ತಿದ್ದರು. ಐದು ಜನರಿಗೆ 850. ನಮ್ಮದು ರೊಟ್ಟಿ ತಿನ್ನುವ ಸೀಮೆ, ಆ ದುಡ್ಡಿಗೆ ಅವಳು ಬಿಳಿಜೋಳ ತರುತ್ತಿದ್ದಳು. 2025ರ ಫೆಬ್ರುವರಿಯಿಂದ ಹಣ ನಿಲ್ಲಿಸಿ ಅಕ್ಕಿಯನ್ನೇ ಕೊಡಲು ನಿರ್ಧರಿಸಿದರು. ತಲೆಗೆ ಹತ್ತು ಹತ್ತು ಕಿಲೋ ಅಕ್ಕಿಯನ್ನು ಈ ಊರಿನವರು ಏನು ಮಾಡಬೇಕಿತ್ತು? ಉಳಿದದ್ದನ್ನು ಬಾಗಿಲಿಗೆ ಬರುವ ವ್ಯಾಪಾರಿಗೆ ಅವನು ಕೇಳಿದ ದರಕ್ಕೆ ಅಳೆದು ಕೊಡುತ್ತಿದ್ದರು. ಹಸಿವಿನ ಮನೆಗೆ ಅಕ್ಕಿ ಬೇಕು, ಒಪ್ಪುತ್ತೇನೆ. ಆದರೆ ಏನು ಉಣ್ಣಬೇಕೆಂದು ಚಿಗವ್ವನಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇನ್ನು ಸೋಮಾರಿತನ. ತಿಂಗಳಿಗೆ ಎರಡು ಸಾವಿರವೆಂದರೆ ದಿನಕ್ಕೆ ಅರವತ್ತೇಳು ರೂಪಾಯಿಯೂ ಆಗುವುದಿಲ್ಲ. 2025-26ಕ್ಕೆ ಉದ್ಯೋಗ ಖಾತ್ರಿಯಲ್ಲಿ ನಿಗದಿಯಾದ ಒಂದು ದಿನದ ಕೂಲಿಯೇ 370. ಅರವತ್ತೇಳು ರೂಪಾಯಿ ನೆಚ್ಚಿ ಯಾರು ಮನೆಯಲ್ಲಿ ಕೂರುತ್ತಾರೆ? ಚಿಗವ್ವ ಇವತ್ತಿಗೂ ಕಳೆ ತೆಗೆಯಲು ಹೋಗುತ್ತಾಳೆ. ಜ್ವರ ಬಂದ ದಿನ ಹೋಗುವುದಿಲ್ಲ, ಕಡಿಮೆ ಕೂಲಿಗೆ ಕರೆದರೆ ‘ಒಲ್ಲೆ’ ಎನ್ನುತ್ತಾಳೆ. ಆಳು ಸಿಗುವುದಿಲ್ಲ ಎಂದು ಗೊಣಗುವ ದೊಡ್ಡ ಹಿಡುವಳಿದಾರರ ಸಿಟ್ಟು ಈ ‘ಒಲ್ಲೆ’ಯ ಮೇಲೆ. ಅದು ನನಗೆ ಸಂತೋಷ ಕೊಡುವ ಮಾತು.

ಹಾಗೆಂದು ಎಲ್ಲವೂ ಸರಿಯಿಲ್ಲ. ಪಕ್ಕದ ಮನೆಯ ಪಡಿತರ ಚೀಟಿಯಲ್ಲಿ ಯಜಮಾನಿ ಅತ್ತೆ. ದುಡಿಯುವ ಸೊಸೆಯ ಕೈಗೆ ಬಿಡಿಗಾಸೂ ಬರುವುದಿಲ್ಲ. ಅದಕ್ಕಿಂತ ನನ್ನನ್ನು ಕಾಡುವುದು ಹಣ ಬರುವ ತಾರೀಖಿನ ಅನಿಶ್ಚಿತತೆ. ಕೆಲವು ಸಲ ತಿಂಗಳುಗಟ್ಟಲೆ ಇಲ್ಲ, ಆಮೇಲೆ ಕಂತುಗಳು ಒಟ್ಟಿಗೆ. ಲೆಕ್ಕದಲ್ಲಿ ಎರಡು ಸಾವಿರದ ಮೂರು ಕಂತು ಸೇರಿದರೆ ಆರು ಸಾವಿರ. ಚಿಗವ್ವನ ಮನೆಯಲ್ಲಿ ಹಾಗಲ್ಲ. ಕಾಯುವ ತಿಂಗಳುಗಳಲ್ಲಿ ಮತ್ತೆ ಉದ್ರಿ, ಮತ್ತೆ ಕೈಗಡ, ವಾರದ ಕಂತಿಗೆ ಬಾಗಿಲ ಮುಂದೆ ನಿಲ್ಲುವ ಫೈನಾನ್ಸಿನವರು. ಅವರ ಕಾಟ ತಡೆಯಲು ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆರು ಸಾವಿರ ಬರುವ ಹೊತ್ತಿಗೆ ಅದು ಸಾಲ ಕೊಟ್ಟವರ ದುಡ್ಡಾಗಿರುತ್ತದೆ. ಸಂಬಳದ ತಾರೀಖು ತಪ್ಪಿದರೆ ನಿನ್ನ ಮನೆ ಕಂತಿನ ಗತಿ ಏನು ಎಂದು ಯೋಚಿಸು. ಕೊಡಬೇಕೋ ಬೇಡವೋ ಎಂದು ಟೀವಿಯಲ್ಲಿ ಕೂಗಾಡುವವರಲ್ಲಿ ಒಬ್ಬರಾದರೂ ‘ಯಾವ ತಾರೀಖಿಗೆ ಕೊಡುತ್ತೀರಿ?’ ಎಂದು ಕೇಳಬಾರದೇ?

ಒಂದು ಕೆಲಸ ಹೇಳುತ್ತೇನೆ, ಮಾಡಿಕೊಡು. ಆ ದೊಡ್ಡ ಮಗಳು ದ್ವಿತೀಯ ಪಿಯುಸಿ ಮುಗಿಸಿದ್ದಾಳೆ, ನರ್ಸಿಂಗ್ ಓದುವ ಆಸೆ. ಆ ಶುಲ್ಕಕ್ಕೆ ಎರಡು ಸಾವಿರದ ಲೆಕ್ಕ ಸಾಲುವುದಿಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ಸೀಟು, ಹಾಸ್ಟೆಲ್, ವಿದ್ಯಾರ್ಥಿವೇತನಕ್ಕೆ ಯಾವಾಗ ಅರ್ಜಿ ಹಾಕಬೇಕು, ಯಾವ ಯಾವ ಕಾಗದ ಬೇಕು, ವಿಚಾರಿಸಿ ಬೇಗ ತಿಳಿಸು. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾನು ಇಲ್ಲಿ ಮಾಡಿಸಿ ಇಟ್ಟಿರುತ್ತೇನೆ.

ಇಂತಿ ನಿನ್ನ ಗೆಳೆಯ