ತಾಯಿಯ ಉದ್ಯೋಗ

ಬಜಪೆ
ಸೋಮವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನ ಬಸ್ಸು ಈಗ ಶಿರಾಡಿ ಘಾಟಿ ಹತ್ತುತ್ತಿರಬಹುದು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ ಅಂತ ಗೊತ್ತು. ಎತ್ತಿದರೂ "ಹ್ಞೂಂ", "ಸರಿ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಾಡಿದ್ದು ಮಾವ ಬೆಂಗಳೂರಿಗೆ ಬರುವಾಗ ಇದನ್ನೂ, ನೀನು ಕಪಾಟಿನ ಮೇಲೆ ಬಿಟ್ಟುಹೋದ ಪ್ಲಾಸ್ಟಿಕ್ ಫೈಲನ್ನೂ ಕೊಟ್ಟು ಕಳಿಸುತ್ತೇನೆ. ಮರೆತದ್ದೋ, ಬೇಕೆಂದೇ ಬಿಟ್ಟದ್ದೋ, ನಾನು ಕೇಳುವುದಿಲ್ಲ.

ನಿನ್ನೆ ರಾತ್ರಿ ನಾನು ಅಷ್ಟು ಜೋರಾಗಿ ಮಾತಾಡಬಾರದಿತ್ತು. ಹೊರಡುವ ಮೊದಲು ಮಗಳು ಹೊಟ್ಟೆ ತುಂಬ ಉಣ್ಣಲಿ ಅಂತ ಕೋರಿ ರೊಟ್ಟಿ ಮಾಡಿದ್ದೆ. ನೀನು ಅರ್ಧದಲ್ಲೇ ಎದ್ದು ಕೈ ತೊಳೆದೆ. ಅದು ನನ್ನ ತಪ್ಪು. ಅಪ್ಪನ ಮಾತನ್ನು ಮಧ್ಯೆ ತಂದದ್ದಂತೂ ಇನ್ನೂ ದೊಡ್ಡ ತಪ್ಪು. ಬಳೆ ಅಡವಿಟ್ಟ ವಿಷಯ ಬಿಡು. ಅದು ನನ್ನ ಬಳೆ, ಬಿಡಿಸಿಕೊಳ್ಳಲು ನನಗೆ ಗೊತ್ತುಂಟು. ನಾನು ಹೇಳಬೇಕಾದದ್ದು ಆ ಫಾರ್ಮಿನ ವಿಷಯ.

"ಬೀಡಿ ಸ್ಕಾಲರ್‌ಶಿಪ್ಪಿಗೆ ನಾನು ಹಾಕುವುದಿಲ್ಲ" ಅಂದೆಯಲ್ಲ, ಆಗ ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ. ನೀನು ಎಂಟನೇ ಕ್ಲಾಸಿನಲ್ಲಿದ್ದಾಗಿನ ಒಂದು ಸಂಜೆ ಕಣ್ಣೆದುರು ಬಂತು. ನಿನಗೆ ನೆನಪಿರಲಿಕ್ಕಿಲ್ಲ. ನನಗೆ ಅದು ಮರೆತೇ ಇಲ್ಲ.

ಜೂನ್ ತಿಂಗಳು. ಹೊರಗೆ ಜಡಿಮಳೆ, ಕರೆಂಟ್ ಇಲ್ಲ. ನಾನು ಬಾಗಿಲ ಹತ್ತಿರ ಬೆಳಕಿಗೆ ಕೂತು ಬೀಡಿ ಕಟ್ಟುತ್ತಿದ್ದೆ. ನೀನು ಶಾಲೆಯಲ್ಲಿ ಕೊಟ್ಟ ಫಾರ್ಮ್ ತುಂಬಿಸಿ ಸಹಿಗೆ ತಂದೆ. ನಾನು ಬೀಡಿ ಕಟ್ಟುವ ತಡ್ಪೆ, ಅಂದರೆ ಮೊರ, ಕೆಳಗಿಟ್ಟು, ಸೋಪು ಹಾಕಿ ಕೈ ತೊಳೆದು, ನೈಟಿಗೆ ಒರೆಸಿಕೊಂಡು ಬಂದೆ. ಪೆನ್ನು ಹಿಡಿಯುವ ಮೊದಲು ಓದಿದೆ. ತಂದೆಯ ಹೆಸರು, ತಾಯಿಯ ಹೆಸರು, ಎಲ್ಲ ದುಂಡಗೆ ಬರೆದಿದ್ದೆ. "ತಾಯಿಯ ಉದ್ಯೋಗ" ಅನ್ನುವ ಕಡೆ "ಗೃಹಿಣಿ" ಅಂತ ಇತ್ತು. ಅದರ ಹಿಂದೆ ಒಂದು ಅಕ್ಷರ ಗೀಚಿ ಹೊಡೆದುಹಾಕಿದ್ದೆ. ಎಷ್ಟು ಗೀಚಿದರೂ ಕಾಣುತ್ತಿತ್ತು. "ಬೀ" ಅಂತ.

ನಾನು ಏನೂ ಹೇಳಲಿಲ್ಲ. ಸಹಿ ಹಾಕಿದೆ. ಎಷ್ಟು ತೊಳೆದರೂ ಹೊಗೆಸೊಪ್ಪಿನ ಬಣ್ಣ ಬೆರಳಿನಿಂದ ಪೂರ್ತಿ ಹೋಗುವುದಿಲ್ಲ, ನೀರಿನಲ್ಲಿ ನೆನೆದರೆ ಮತ್ತೂ ಬಿಡುತ್ತದೆ. ಕಾಗದದ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಕಂದು ಗುರುತು ಬಿತ್ತು. ನೀನು ರಬ್ಬರ್ ತಂದು ಮೆಲ್ಲ ಉಜ್ಜಿದೆ. ಕಾಗದ ಹರಿಯಬಾರದು ಅಂತ ಎಷ್ಟು ಜಾಗ್ರತೆಯಲ್ಲಿ ಉಜ್ಜಿದೆ ಅಂದರೆ, ನಾನು ನಿನ್ನ ಬೆರಳನ್ನೇ ನೋಡುತ್ತಾ ಕೂತೆ. ಆಮೇಲೆ ಪುನಃ ತಡ್ಪೆ ಎತ್ತಿಕೊಂಡೆ. ಆ ದಿನ ಕಟ್ಟಿದ ಬೀಡಿಯಲ್ಲಿ ತುಂಬ ಸಡಿಲ ಇತ್ತು. ಮರುದಿನ ಬೀಡಿ ಕೊಡುವ ಬ್ರಾಂಚಿನಲ್ಲಿ ಚೆಕ್ಕರ್ ಎರಡು ಕಟ್ಟು ಬದಿಗೆ ಎಸೆದರು.

ಆಗ ಹೇಳಬೇಕಿತ್ತು, ಅಲ್ವಾ? "ಮಗಾ, ಇದನ್ನು ಸರಿ ಮಾಡು" ಅಂತ. ಯಾಕೆ ಹೇಳಲಿಲ್ಲ ಅಂತ ಇಷ್ಟು ವರ್ಷ ಯೋಚಿಸಿದ್ದೇನೆ. ನಿನಗೆ ಬೇಸರ ಆಗಬಾರದು ಅಂತ ಸುಮ್ಮನಿದ್ದೆ ಅಂತಲೇ ಅಂದುಕೊಂಡಿದ್ದೆ. ಅದು ಸತ್ಯ ಅಲ್ಲ. ನಿನಗೆ ಅದನ್ನು ಕಲಿಸಿದವಳೇ ನಾನು. ನಿನಗೆ ಐದು ವರ್ಷ ಆಗಿದ್ದಾಗ ಅಂಗನವಾಡಿಯ ಟೀಚರ್ ಜೊತೆ ಶಾಲೆಯ ಟೀಚರ್ ಒಬ್ಬರು ಮನೆಗೆ ಬಂದಿದ್ದರು. ಅವರ ಕೊಡೆ ಅಂಗಳದಲ್ಲಿ ಕಂಡದ್ದೇ ನಾನು ತಡ್ಪೆಯನ್ನು ಮಂಚದ ಅಡಿಗೆ ತಳ್ಳಿದೆ. "ಏನು ಕೆಲಸ?" ಅಂತ ಕೇಳಿದ್ದಕ್ಕೆ "ಮನೆಯಲ್ಲೇ ಇರುವುದು ಟೀಚರ್" ಅಂದೆ. ನೀನು ಮಂಚದ ಮೇಲೆ ಕಾಲು ಆಡಿಸುತ್ತಾ ಕೂತಿದ್ದೆ. ಎಲ್ಲ ನೋಡಿದೆ. ಮಂಚದ ಅಡಿಗೂ ಬಗ್ಗಿ ನೋಡಿದೆ.

ಹಾಗಾಗಿ ನಿನ್ನೆ ನಾನು ಬೈದದ್ದು ನಿನಗಲ್ಲ, ಪುಟ್ಟಿ.

ಆಗ ಆ ಸ್ಕಾಲರ್‌ಶಿಪ್ಪಿಗೆ ಹಾಕದೆ ಹೋದದ್ದರಿಂದ ದೊಡ್ಡ ನಷ್ಟ ಆಗಿಲ್ಲ. ಶಾಲೆಯ ಮಕ್ಕಳಿಗೆ ಸಿಗುವುದು ಸಣ್ಣ ಮೊತ್ತ. ಈಗಿನ ಲೆಕ್ಕದಲ್ಲಿ ಪಿಯುಸಿಗೂ ವರ್ಷಕ್ಕೆ 3,000 ಅಷ್ಟೇ. ಆದರೆ ಇಂಜಿನಿಯರಿಂಗ್ ಅಂದರೆ 25,000. ಇದು ಕೇಂದ್ರ ಕಾರ್ಮಿಕ ಇಲಾಖೆಯ ದುಡ್ಡು, ಬೀಡಿ ಕಾರ್ಮಿಕರ ಮಕ್ಕಳಿಗೆ ಅಂತಲೇ ಇಟ್ಟದ್ದು. ಯಾರ ದಾನವೂ ಅಲ್ಲ. ನನ್ನ ಬೆನ್ನು ನೋವಿಗೆ ಸರ್ಕಾರ ಕೊಡುವ ಲೆಕ್ಕ ಅಂತ ತಿಳಿದುಕೋ.

ನೀನು ಹೇಳಿದ ಪ್ರಗತಿ ಸ್ಕಾಲರ್‌ಶಿಪ್ ಒಳ್ಳೆಯದೇ. ವರ್ಷಕ್ಕೆ 50,000. ಹೆಣ್ಣುಮಕ್ಕಳಿಗೆ ಮಾತ್ರ, ಮನೆಯ ಆದಾಯ 8 ಲಕ್ಷದ ಒಳಗಿದ್ದರೆ ಸಾಕು. ಆದರೆ ಅದು ಮಾರ್ಕಿನ ಮೇಲೆ, ಪೈಪೋಟಿ ಉಂಟು. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಲು ಬಿಡುವುದಿಲ್ಲ. ಯಾವುದಕ್ಕೆ ಹಾಕಿದರೆ ಒಳ್ಳೆಯದು ಅಂತ ಕಾಲೇಜಿನ ಆಫೀಸಿನಲ್ಲಿ ಸ್ಕಾಲರ್‌ಶಿಪ್ ನೋಡುವವರ ಹತ್ತಿರ ಕೂತು ಕೇಳು. ಜಾಸ್ತಿ ಸಿಗುತ್ತದೆ ಅಂತ ಪ್ರಗತಿಯನ್ನು ಆರಿಸಿದರೆ ನನಗೆ ಖುಷಿಯೇ. ಅದರಲ್ಲಿ ಬೀಡಿ ಅಂತ ಬರೆಯಬೇಕಾಗಿಲ್ಲ ಅಂತ ಆರಿಸಬೇಡ. ಅಷ್ಟು ಮಾತ್ರ ಕೇಳುತ್ತೇನೆ.

ಇನ್ನು ಕೆಲವು ಮಾತು. ಉಪದೇಶ ಅನ್ನಬೇಡ, ನಾನು ಅಲೆದು ಅಲೆದು ಕಲಿತದ್ದು.

ಆದಾಯ ಪ್ರಮಾಣಪತ್ರ ಐದು ವರ್ಷಕ್ಕೆ ನಡೆಯುತ್ತದೆ, ನಿನ್ನದು ಕೋರ್ಸ್ ಮುಗಿಯುವವರೆಗೆ ಇರುತ್ತದೆ. ಅದಕ್ಕಾಗಿ ನಾಡಕಚೇರಿಗೆ ಮೂರು ಸಲ ಹೋಗಿದ್ದೆ, ಮೂರು ದಿನದ ಬೀಡಿ ಹೋಯಿತು. ಅದರ ಆರ್‌ಡಿ ನಂಬರನ್ನು ಫೈಲಿನ ಹೊರಗೆ ದೊಡ್ಡದಾಗಿ ಬರೆದಿದ್ದೇನೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ರಾಜ್ಯದ ಸ್ಕಾಲರ್‌ಶಿಪ್ಪಿಗೆ ಹಾಕುವಾಗ ಅದನ್ನೇ ಕೇಳುವುದು. ಆಧಾರ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಎಲ್ಲದರಲ್ಲಿ ಹೆಸರು ಒಂದೇ ಥರ ಇರಲಿ, ಇನಿಷಿಯಲ್ ಕೂಡ. ಕಂಪ್ಯೂಟರಿನಲ್ಲಿ ಅರ್ಜಿ ಹಾಕಿದೆ ಅಂತ ಕೈ ತೊಳೆದುಕೊಳ್ಳಬೇಡ. ಕಾಲೇಜಿನವರು ವೆರಿಫೈ ಮಾಡದಿದ್ದರೆ ಅದು ಅಲ್ಲೇ ಕೊಳೆಯುತ್ತದೆ. ವಾರಕ್ಕೊಮ್ಮೆ ಹೋಗಿ ಕೇಳು. ಮರುವರ್ಷ ರಿನ್ಯೂವಲ್ ಮರೆಯಬೇಡ.

ಬ್ಯಾಂಕ್ ಖಾತೆಯ ಕಥೆ ನಿನಗೆ ಗೊತ್ತೇ ಉಂಟು. ಸಿಮ್ ತೆಗೆಯುವಾಗ ಬೆರಳು ಒತ್ತಿಸಿಕೊಂಡು ನಮಗೆ ಗೊತ್ತಿಲ್ಲದೆ ಇನ್ನೊಂದು ಖಾತೆ ತೆರೆದಿದ್ದರು. ಪಿಯುಸಿಯ ಸ್ಕಾಲರ್‌ಶಿಪ್ ಅಲ್ಲಿಗೆ ಹೋಗಿ ಕೂತಿತ್ತು. ಇಂಥ ದುಡ್ಡು ಆಧಾರಿಗೆ ಕೊನೆಗೆ ಜೋಡಿಸಿದ ಖಾತೆಗೇ ಬರುತ್ತದಂತೆ, ನಾವು ಫಾರ್ಮಿನಲ್ಲಿ ಬರೆದ ಖಾತೆಗೆ ಅಲ್ಲ. ಬೆಂಗಳೂರಿನಲ್ಲಿ ಯಾರು ಕೇಳಿದರೂ ಸುಮ್ನೆ ಬೆರಳು ಒತ್ತಬೇಡ.

ಧರ್ಮಸ್ಥಳ ಸಂಘದ ಸುಜ್ಞಾನನಿಧಿ ಸ್ಕಾಲರ್‌ಶಿಪ್ಪಿಗೆ ನಾನು ಇಲ್ಲಿಂದಲೇ ಹಾಕಿಸುತ್ತೇನೆ, ನಾನು ಸದಸ್ಯೆ ಅಲ್ವಾ, ತಿಂಗಳು ತಿಂಗಳು ಬಂದರೆ ನಿನ್ನ ಬಸ್ಸಿನ ಖರ್ಚಿಗಾಯಿತು. ಜಾತಿ ಸಂಘದವರು ಸ್ಟೇಜಿನಲ್ಲಿ ಹೆಸರು ಕರೆದು ಕೊಡುತ್ತಾರಲ್ಲ, ಅದಕ್ಕೂ ಅರ್ಜಿ ಕೊಟ್ಟಿದ್ದೇನೆ. ಕರೆದರೆ ಒಂದು ದಿನಕ್ಕೆ ಬಂದು ಹೋಗು. ತಲೆ ತಗ್ಗಿಸಬೇಡ. ಒಳ್ಳೆಯ ಚೂಡಿದಾರ ಹಾಕಿಕೊಂಡು ಬಾ.

ಸಾಲದ ಮಾತು. ಬ್ಯಾಂಕಿನಲ್ಲಿ ಕೇಳಿ ಬಂದೆ. ಏಳೂವರೆ ಲಕ್ಷದವರೆಗೆ ಜಾಗ, ಮನೆ ಅಡವಿಡಬೇಕಾಗಿಲ್ಲ. ವರ್ಷದ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದರೆ ಓದು ಮುಗಿದು ಒಂದು ವರ್ಷದವರೆಗಿನ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುತ್ತದೆ, ಕಾಲೇಜಿಗೆ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇರಬೇಕು. ನಿನ್ನ ಕಾಲೇಜಿಗೆ ಉಂಟಾ ಅಂತ ನೋಡಿ ತಿಳಿಸು. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದು. ಸಾಲ ಅಂದರೆ ನನಗೆ ಈಗಲೂ ಹೊಟ್ಟೆಯೊಳಗೆ ನಡುಕ. ಆ ಎರಡು ವರ್ಷ ಹೇಗಿತ್ತು ಅಂತ ನಿನಗೆ ಹೇಳಬೇಕಾಗಿಲ್ಲ. ಆದರೂ ಸಹಿ ಹಾಕುತ್ತೇನೆ. ಸ್ಕಾಲರ್‌ಶಿಪ್ ಬಂದ ಮೇಲೆ ಎಷ್ಟು ಕಡಿಮೆ ಬೀಳುತ್ತದೋ ಅಷ್ಟೇ ತೆಗೆಯೋಣ. ನಾನು ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಪಿಗ್ಮಿಯೂ ಉಂಟು. ಏಳನೇ ಕ್ಲಾಸಿನಲ್ಲಿ ನೀನೇ ಭಾಷಣ ಮಾಡಿದ್ದೆಯಲ್ಲ, ಪಿಗ್ಮಿ ಹುಟ್ಟಿದ್ದು ನಮ್ಮ ಉಡುಪಿಯಲ್ಲಿ, 1928ರಲ್ಲಿ, ದಿನಕ್ಕೆ ಎರಡಾಣೆಯಿಂದ ಅಂತ. ಆ ಭಾಷಣ ಕೇಳಿದ ವಾರವೇ ನಾನು ಶುರು ಮಾಡಿದ್ದು. ನಿನಗೆ ಹೇಳಿರಲಿಲ್ಲ.

ರಾತ್ರಿ ಹೊತ್ತು ಒಬ್ಬಳೇ ಓಡಾಡಬೇಡ. ಪಿಜಿಯ ಊಟ ಸೇರದಿದ್ದರೆ ಬಿಸಿಎಂ ಹಾಸ್ಟೆಲಿನ ಲಿಸ್ಟ್ ಬರುವವರೆಗೆ ತಡೆದುಕೋ. ದುಡ್ಡು ಮುಗಿದರೆ ಹೇಳು, ಮುಚ್ಚಿಡಬೇಡ. ನೋಡು, ಬೈಯುವುದಿಲ್ಲ ಅಂತ ಕೂತವಳು ಪುನಃ ಎಷ್ಟೊಂದು ಹೇಳಿಬಿಟ್ಟೆ.

ಸಿಇಟಿ ಸೀಟು ಸಿಕ್ಕಿದ ದಿನ ನಾನು ಬ್ರಾಂಚಿಗೆ ಬೀಡಿ ಕೊಡಲು ಹೋಗಿದ್ದಾಗ ಎಲ್ಲರಿಗೂ ಹೇಳಿದೆ. ಅಲ್ಲಿ ಸಾಲಿನಲ್ಲಿ ನಿಂತವರೆಲ್ಲ ನನ್ನ ಹಾಗೇ ಇರುವವರು. ಒಬ್ಬಳು ನನ್ನ ಕೈ ಹಿಡಿದು ಅತ್ತಳು, ಅವಳ ಮಗಳು ಈ ವರ್ಷ ಹತ್ತನೇ ಕ್ಲಾಸು. ಫಾರ್ಮ್ ಹೇಗೆ ತುಂಬಿಸುವುದು ಅಂತ ನಿನ್ನ ಹತ್ತಿರ ಕೇಳಬೇಕಂತೆ. ದಸರಾ ರಜೆಯಲ್ಲಿ ಬಂದಾಗ ಹೇಳಿಕೊಡುತ್ತೀಯಾ?

ಫೈಲಿನಲ್ಲಿ ನನ್ನ ಬೀಡಿ ಕಾರ್ಡಿನ ಎರಡು ಜೆರಾಕ್ಸ್ ಉಂಟು. ಫೋಟೋ ನೋಡು. ಆಗ ನನಗೆ ನಿನ್ನದೇ ವಯಸ್ಸು. ಒಂದು ಪ್ರತಿಯ ಮೂಲೆಯಲ್ಲಿ ಬೆರಳಿನ ಗುರುತು ಬಿದ್ದಿದೆ, ಒರೆಸಿದರೆ ಇನ್ನೂ ಹರಡುತ್ತದೆ ಅಂತ ಬಿಟ್ಟಿದ್ದೇನೆ. ಕಾಲೇಜಿಗೆ ಕೊಡಲು ಬೇಕಾದರೆ ಇನ್ನೊಂದನ್ನು ಕೊಡು.

ಮಾವನ ಕೈಯಲ್ಲಿ ಹಲಸಿನ ಹಪ್ಪಳ ಕೊಟ್ಟಿದ್ದೇನೆ. ರೂಮಿನವರಿಗೂ ಕೊಡು.

ನಿನ್ನ
ಅಮ್ಮ